ಗಡಿಸೀಮೆಯ ಕಮ್ಮಾರನ ಉಡುಪು: ಮೊದಲು ಇಸವಿ, ಆಮೇಲೆ ಏಪ್ರನ್

ಹಳೆಯ ಅಮೆರಿಕದ ಗಡಿಸೀಮೆಯ, ಅಂದರೆ ವಲಸಿಗರ ನೆಲೆಯ ಅಂಚಿನ, ಕಮ್ಮಾರನ ವೇಷ ಎಂದ ಕೂಡಲೇ ಹೆಚ್ಚಿನವರ ಕಣ್ಣಿಗೆ ಬರುವ ಚಿತ್ರ ಒಂದೇ. ರಿವೆಟ್ ಬಡಿದ ನೀಲಿ ಜೀನ್ಸ್, ಕ್ಲಿಪ್ ಹಾಕಿದ ಸಸ್ಪೆಂಡರ್ (ಪ್ಯಾಂಟು ಎತ್ತಿಹಿಡಿಯುವ ಹೆಗಲ ಪಟ್ಟಿ), ಬೂದುಬಣ್ಣದ ಒರಟು ಚರ್ಮದ ಏಪ್ರನ್, ತಲೆಗೆ ಕೌಬಾಯ್ ಹ್ಯಾಟು, ಮೇಲಿನಿಂದ ಕೆಳಗಿನವರೆಗೂ ಗುಂಡಿಯಿರುವ ಚೌಕುಳಿ ಶರ್ಟು. ಹಳೆಯ ಕಾಲವನ್ನು ಆಡಿ ತೋರಿಸುವ ಪ್ರದರ್ಶನಗಳಲ್ಲಿ 1840ರ ಸುಮಾರಿನ ಕಮ್ಮಾರನನ್ನು ತೋರಿಸಲು ಹೊರಟವರೂ ಇದನ್ನೇ ತೊಟ್ಟು ನಿಲ್ಲುತ್ತಾರೆ. ಈ ಐದರಲ್ಲಿ ನಾಲ್ಕು ಆಗಿನ್ನೂ ಹುಟ್ಟಿರಲೇ ಇಲ್ಲ, ಐದನೆಯದು ಬಳಕೆಗೆ ಬಂದಿರಲಿಲ್ಲ. ಪ್ಯಾಂಟಿನ ಜೇಬಿಗೆ ರಿವೆಟ್ ಬಡಿಯುವ ಉಪಾಯಕ್ಕೆ ಜೇಕಬ್ ಡೇವಿಸ್ ಮತ್ತು ಲೀವೈ ಸ್ಟ್ರಾಸ್ ಪೇಟೆಂಟ್ ಪಡೆದದ್ದು 1873ರ ಮೇ 20ರಂದು. ಸಸ್ಪೆಂಡರಿನ ಲೋಹದ ಕ್ಲಿಪ್ಪು 1890ರ ದಶಕದ್ದು. ಬೂದುಬಣ್ಣದ ಆ ಚರ್ಮ ಕ್ರೋಮಿಯಂ ಲವಣದಿಂದ ಹದ ಮಾಡಿದ್ದು. ಆ ವಿಧಾನಕ್ಕೆ ಅಗಸ್ಟಸ್ ಶುಲ್ಟ್ಸ್ ಪೇಟೆಂಟ್ ಪಡೆದದ್ದು 1884ರಲ್ಲಿ. ಕೌಬಾಯ್ ಹ್ಯಾಟಿನ ಮೂಲಪುರುಷ ಎನ್ನಬಹುದಾದ ಸ್ಟೆಟ್ಸನ್ ಹ್ಯಾಟು 1865ರದು. ಎದೆಯುದ್ದಕ್ಕೂ ತೆರೆಯುವ ಶರ್ಟು ಜನಸಾಮಾನ್ಯರ ಮೈಗೇರಿದ್ದು 19ನೇ ಶತಮಾನ ಮುಗಿಯುತ್ತಾ ಬಂದಾಗ.

ಹಾಗಾದರೆ ಸರಿಯಾದ ವೇಷ ಯಾವುದು? ಇದಕ್ಕೆ ಉತ್ತರ ಹೇಳುವ ಮೊದಲು ಎರಡು ಪ್ರಶ್ನೆ ಕೇಳಬೇಕು: ಯಾವ ಇಸವಿ, ಯಾವ ಊರು? ಕಮ್ಮಾರನಿಗೆಂದೇ ಬೇರೆ ಸಮವಸ್ತ್ರ ಇರಲಿಲ್ಲ. ಆ ವರ್ಷ ಆ ಊರಿನಲ್ಲಿ ಒಬ್ಬ ದುಡಿಯುವ ಗಂಡಸು ಏನು ತೊಡುತ್ತಿದ್ದನೋ ಅದನ್ನೇ ಅವನೂ ತೊಡುತ್ತಿದ್ದ. ಅದರ ಮೇಲೆ ಒಂದು ಚರ್ಮದ ಏಪ್ರನ್, ಅಷ್ಟೇ. ಆದ್ದರಿಂದ ಏಪ್ರನ್ನಿನಿಂದ ಶುರುಮಾಡಿದವರ ವೇಷ ಸಾಮಾನ್ಯವಾಗಿ ಕೆಡುತ್ತದೆ. ಇಸವಿ ಗಟ್ಟಿಮಾಡಿಕೊಂಡು ಶುರುಮಾಡಿದವರದ್ದು ಸಾಮಾನ್ಯವಾಗಿ ನಿಲ್ಲುತ್ತದೆ.

ಗಡಿಸೀಮೆ ಎಂಬುದು ಒಂದೇ ಜಾಗದಲ್ಲಿ ನಿಂತದ್ದೂ ಅಲ್ಲ. ವಲಸಿಗರ ನೆಲೆ ಪಡುವಣಕ್ಕೆ ಸರಿದ ಹಾಗೆಲ್ಲ ಅದೂ ಸರಿಯಿತು. 1804–05ರ ಚಳಿಗಾಲದಲ್ಲಿ, ವಲಸಿಗರ ನೆಲೆಗಿಂತ ಬಹಳ ಮುಂದೆ, ಈಗಿನ ನಾರ್ತ್ ಡಕೋಟಾದ ಮ್ಯಾಂಡನ್ ಕೋಟೆಯಲ್ಲಿ ಅದರ ಒಂದು ತುದಿಯಿತ್ತು. ಪೆಸಿಫಿಕ್ ತೀರದವರೆಗಿನ ದಾರಿ ಹುಡುಕಲು ಸರ್ಕಾರ ಕಳಿಸಿದ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಕಮ್ಮಾರರಾದ ಜಾನ್ ಶೀಲ್ಡ್ಸ್ ಮತ್ತು ಅಲೆಕ್ಸಾಂಡರ್ ವಿಲ್ಲರ್ಡ್ ಅಲ್ಲಿ ಕುಲುಮೆ ಹೂಡಿ ಮ್ಯಾಂಡನ್ ಎಂಬ ಮೂಲನಿವಾಸಿ ಜನರಿಗೆ ಕೊಡಲಿ ಬಡಿದುಕೊಟ್ಟರು. ಬದಲಿಗೆ ಸಿಕ್ಕಿದ್ದು ಮೆಕ್ಕೆಜೋಳ. ಆ ಚಳಿಗಾಲ ತಂಡದ ಹೊಟ್ಟೆ ತುಂಬಿಸಿದ್ದರಲ್ಲಿ ಆ ಸುತ್ತಿಗೆಯ ಪಾಲು ದೊಡ್ಡದು. 1837ರಲ್ಲಿ ವಲಸಿಗರ ನೆಲೆ ಇಲಿನಾಯಿಯ ಗ್ರ್ಯಾಂಡ್ ಡಿಟೂರ್ ಎಂಬ ಹಳ್ಳಿಯವರೆಗೆ ಬಂದಿತ್ತು. ವರ್ಮಾಂಟಿನಿಂದ ಬಂದ ಜಾನ್ ಡಿಯರ್ ಎಂಬ ಕಮ್ಮಾರ ಹುಲ್ಲುಗಾವಲಿನ ಜಿಗುಟು ಮಣ್ಣು ಅಂಟದ ಉಕ್ಕಿನ ನೇಗಿಲು ಮಾಡಿದ್ದು ಅಲ್ಲಿಯೇ. 1840ರ ದಶಕದಲ್ಲಿ ಕೊಲಂಬಿಯಾ ನದಿಯ ದಡದ ವ್ಯಾಂಕೂವರ್ ಕೋಟೆಯಲ್ಲಿ ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಕಮ್ಮಾರರು ಬೀವರ್ ಎಂಬ ತುಪ್ಪಳದ ಪ್ರಾಣಿಯನ್ನು ಹಿಡಿಯುವ ಬೋನು, ಕೊಡಲಿ ಬಡಿಯುತ್ತಿದ್ದರು. 1853ರಿಂದ ಐದು ವರ್ಷ ಜಾನ್ ಸ್ಟೂಡ್‌ಬೇಕರ್ ಕ್ಯಾಲಿಫೋರ್ನಿಯಾದ ಪ್ಲಾಸರ್ವಿಲ್‌ನಲ್ಲಿ ಚಿನ್ನದ ಗಣಿಗಾರರಿಗೆ ಒಂಟಿಗಾಲಿಯ ಕೈಗಾಡಿ ಮಾಡಿಕೊಟ್ಟು ಹಣ ಮಾಡಿದ.

ಇವರೆಲ್ಲರೂ ಗಡಿಸೀಮೆಯ ಕಮ್ಮಾರರೇ. ಒಬ್ಬನ ಬಟ್ಟೆ ಇನ್ನೊಬ್ಬನಿಗೆ ಹೊಂದುವುದಿಲ್ಲ. ಶೀಲ್ಡ್ಸ್ ಸೇನೆಯ ಬಟ್ಟೆಯಲ್ಲಿ ಹೊರಟವನು. ಪೆಸಿಫಿಕ್ ತೀರ ಮುಟ್ಟುವ ಹೊತ್ತಿಗೆ ತಂಡದ ಬಟ್ಟೆ ಚಿಂದಿಯಾಗಿತ್ತು. ಕ್ಲಾಟ್ಸಪ್ ಕೋಟೆಯ ಮಳೆಗಾಲವಿಡೀ ಕೂತು ಎಲ್ಕ್ ಜಿಂಕೆಯ ಚರ್ಮದಲ್ಲಿ ಉಡುಪು, ಮೊಕಾಸಿನ್ ಎಂಬ ಮೆತ್ತನೆಯ ಜೋಡು ಹೊಲಿದುಕೊಂಡರು. ಚರ್ಮದ ಅಂಗಿಯನ್ನು ಗಡಿಸೀಮೆಯ ಗುರುತು ಎಂದು ಎಲ್ಲರಿಗೂ ತೊಡಿಸುವುದು ಈಗಿನ ರೂಢಿ. ಅದು ಹೆಚ್ಚಾಗಿ ಬಟ್ಟೆ ಸಿಗದ ಕಡೆಯ, ಬಟ್ಟೆ ಮುಗಿದ ಹೊತ್ತಿನ ಉಡುಪು. ವ್ಯಾಂಕೂವರ್ ಕೋಟೆ ಲಂಡನ್ನಿನಿಂದ ಅಷ್ಟು ದೂರವಿದ್ದರೂ ಅಲ್ಲಿನ ಕಮ್ಮಾರನಿಗೆ ಇಂಗ್ಲೆಂಡಿನ ಗಿರಣಿಯ ಬಟ್ಟೆ ಸಿಗುತ್ತಿತ್ತು, ಏಕೆಂದರೆ ಕಂಪನಿಯ ಹಡಗು ಕೇಪ್ ಹಾರ್ನ್ ಸುತ್ತಿ ಸರಕು ತಂದು ಇಳಿಸುತ್ತಿತ್ತು. ಅದೇ ಕಾಲದಲ್ಲಿ ಒಳನಾಡಿನ ಯಾವುದೋ ಕಣಿವೆಯ ಕಮ್ಮಾರ ಹೆಂಡತಿ ನೂತ ನೂಲಿನ ಅಂಗಿ ತೊಟ್ಟಿರಬಹುದು. ಊರು ಎಷ್ಟು ದೂರದಲ್ಲಿತ್ತು ಎಂಬುದಕ್ಕಿಂತ ಅಲ್ಲಿಗೆ ಸರಕು ಯಾವ ದಾರಿಯಲ್ಲಿ ಬರುತ್ತಿತ್ತು ಎಂಬುದು ಬಟ್ಟೆಯ ವಿಷಯದಲ್ಲಿ ಹೆಚ್ಚು ಮುಖ್ಯ. ನದಿ, ಬಂದರು ಹತ್ತಿರವಿದ್ದರೆ ಅಂಗಡಿಯ ಬಟ್ಟೆ. ಇಲ್ಲದಿದ್ದರೆ ಮನೆಯ ಬಟ್ಟೆ.

ಮನೆಯ ಬಟ್ಟೆ ಎಂದರೆ ಬಹುಪಾಲು ಅಗಸೆ ನಾರಿನ ಲಿನನ್, ಉಣ್ಣೆ, ಇಲ್ಲವೇ ಇವೆರಡನ್ನೂ ಹಾಸುಹೊಕ್ಕಾಗಿ ಸೇರಿಸಿ ನೇಯ್ದದ್ದು. 1810ರಲ್ಲಿ ಖಜಾನೆ ಕಾರ್ಯದರ್ಶಿ ಆಲ್ಬರ್ಟ್ ಗ್ಯಾಲಟಿನ್ ಸಲ್ಲಿಸಿದ ವರದಿಯ ಪ್ರಕಾರ, ನಗರದ ಹೊರಗಿದ್ದ ಅಮೆರಿಕನ್ನರು ಉಡುವ ಬಟ್ಟೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮನೆಯಲ್ಲೇ ತಯಾರಾಗುತ್ತಿತ್ತು. ಅಗ್ಗದ ಹತ್ತಿ ಬಟ್ಟೆ ಎಲ್ಲೆಡೆ ಹರಡಲು 1794ರಲ್ಲಿ ಪೇಟೆಂಟ್ ಆದ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರವೂ ಬೇಕಾಯಿತು, ಆಮೇಲೆ ನ್ಯೂ ಇಂಗ್ಲೆಂಡಿನ ಗಿರಣಿಗಳೂ ಬೇಕಾದವು. 1800ಕ್ಕೆ ಲಿನನ್, 1840ಕ್ಕೆ ಹತ್ತಿ ಎಂದು ಇಟ್ಟುಕೊಂಡರೆ ಅಂಗಿಯ ಮಟ್ಟಿಗೆ ದೊಡ್ಡ ತಪ್ಪಾಗದು.

ಈಗ ಬೆಂಕಿಯ ವಿಷಯಕ್ಕೆ ಬರೋಣ. ವೇಷ ಬರೀ ನೋಟಕ್ಕಾದರೆ ಒಂದು ಲೆಕ್ಕ, ಅದನ್ನು ತೊಟ್ಟು ನಿಜವಾಗಿ ಕುಲುಮೆಯ ಮುಂದೆ ನಿಲ್ಲುವುದಾದರೆ ಬೇರೆಯದೇ ಲೆಕ್ಕ. ಎರಡು ಕಬ್ಬಿಣದ ತುಂಡುಗಳನ್ನು ಕಾಯಿಸಿ ಬಡಿದು ಬೆಸೆಯುವಾಗ ಲೋಹ ಸುಮಾರು 1,300 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಮೊದಲ ಪೆಟ್ಟಿಗೇ ಕಿಡಿ, ಕರಗಿದ ಕಿಟ್ಟ ನಾಲ್ಕೂ ದಿಕ್ಕಿಗೆ ಸಿಡಿಯುತ್ತದೆ. ಕಾದ ಕಬ್ಬಿಣದ ಮೈಮೇಲೆ ಏಳುವ ಕಪ್ಪು ಹಕ್ಕಳೆ ಪ್ರತಿ ಪೆಟ್ಟಿಗೂ ಉದುರುತ್ತದೆ. ನೋಡಲು ಆರಿದಂತೆ ಕಂಡರೂ ಅದರಲ್ಲಿ ಚರ್ಮ ಸುಡುವಷ್ಟು ಕಾವು ಇರುತ್ತದೆ.

ಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು 21%. ಹತ್ತಿ ಉರಿಯುತ್ತಲೇ ಇರಲು ಸುಮಾರು 18% ಸಾಕು. ಆದ್ದರಿಂದ ಒಮ್ಮೆ ಹೊತ್ತಿಕೊಂಡರೆ ಆರಿಸುವ ತನಕ ಹತ್ತಿ ಉರಿಯುತ್ತದೆ. ಉಣ್ಣೆಗೆ ಸುಮಾರು 25% ಬೇಕು. ಗಾಳಿಯಲ್ಲಿ ಅಷ್ಟು ಇಲ್ಲ. ಹಾಗಾಗಿ ಕಿಡಿ ಬಿದ್ದ ಜಾಗ ಕರಕಲಾಗಿ ತಾನೇ ಆರುತ್ತದೆ. ಪಾಲಿಯೆಸ್ಟರ್ ಸುಮಾರು 255 ಡಿಗ್ರಿಗೆ ಕರಗುತ್ತದೆ, ಕರಗಿದ್ದು ಮೈಗೆ ಅಂಟಿಕೊಳ್ಳುತ್ತದೆ, ಅಂಟಿದ್ದನ್ನು ಕಿತ್ತರೆ ಚರ್ಮವೂ ಬರುತ್ತದೆ. ನಾಟಕದ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುವ 'ಹಳೆಯ ಕಾಲದ' ಬಟ್ಟೆಯಲ್ಲಿ ಪಾಲಿಯೆಸ್ಟರ್ ಬೆರೆತಿರುವುದೇ ಹೆಚ್ಚು. ರಂಗದ ಮೇಲೆ ಅದು ನಡೆಯುತ್ತದೆ. ಬೆಂಕಿಯ ಹತ್ತಿರ ಖಂಡಿತ ಬೇಡ.

ಬಟ್ಟೆ ಯಾವುದೆಂದು ತಿಳಿಯಲು ಅಂಗಡಿಯವನ ಮಾತು ಬೇಕಿಲ್ಲ. ಹೊಲಿಗೆಯ ಒಳಗಿನಿಂದ ಒಂದು ಚೂರು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಿನಲ್ಲಿ ಪುಡಿಯಾಗುವ ಕರಿ. ಹತ್ತಿ, ಲಿನನ್ ಆದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಪಾಲಿಯೆಸ್ಟರ್ ಆದರೆ ಮುರುಟಿ, ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಹೊಲಿದ ದಾರವನ್ನೂ ಹೀಗೇ ನೋಡಬೇಕು. ಅಂಗಿ ಅಪ್ಪಟ ಹತ್ತಿಯದಾಗಿದ್ದು ದಾರ ಪಾಲಿಯೆಸ್ಟರ್ ಆಗಿದ್ದರೆ ಕಿಡಿ ಬಿದ್ದಲ್ಲಿ ಹೊಲಿಗೆ ಬಿಟ್ಟುಹೋಗುತ್ತದೆ. ಇನ್ನೊಂದು ಮಾತು: ಮೈಮೇಲೆ ನವಿರು ಎಳೆ ಎಬ್ಬಿಸಿದ ಹತ್ತಿಯ ಫ್ಲಾನೆಲ್ ಬೆಚ್ಚಗಿರುತ್ತದೆ, ನಿಜ. ಆದರೆ ಆ ಎಳೆಗಳ ಮೇಲೆ ಬೆಂಕಿ ಕ್ಷಣದಲ್ಲಿ ಓಡುತ್ತದೆ. ಫ್ಲಾನೆಲ್ ಬೇಕೆಂದರೆ ಉಣ್ಣೆಯದೇ ಬೇಕು. ಚಿನ್ನದ ಗಣಿಯ ಕಾಲದ ಕ್ಯಾಲಿಫೋರ್ನಿಯಾದಲ್ಲಿ ಕೆಂಪು ಉಣ್ಣೆಯ ಅಂಗಿ ಎಲ್ಲೆಲ್ಲೂ ಇತ್ತು, ಪ್ಲಾಸರ್ವಿಲ್ಲಿನ ಕಮ್ಮಾರನಿಗೆ ಅದು ನೋಟಕ್ಕೂ ಸರಿ, ಬೆಂಕಿಗೂ ಸರಿ.

ಅಂಗಿಯ ಹೊಲಿಗೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ವೇಷದ ಸತ್ಯ ಅಡಗಿರುವುದು ಇಲ್ಲಿಯೇ. 19ನೇ ಶತಮಾನದ ಮೊದಲರ್ಧದ ಅಂಗಿಯಲ್ಲಿ ಬಾಗು ಕತ್ತರಿಕೆ ಇಲ್ಲವೇ ಇಲ್ಲ ಎನ್ನಬಹುದು. ಎಲ್ಲವೂ ಚೌಕ, ಆಯತ, ತ್ರಿಕೋನ. ಮೈಭಾಗ ಒಂದೇ ಉದ್ದನೆಯ ತುಂಡು, ಭುಜದ ಮೇಲೆ ಮಡಚಿ ಹಿಂದೆ ಮುಂದೆ ಇಳಿಬಿಟ್ಟದ್ದು. ಕುತ್ತಿಗೆಗೆ ಒಂದು ಸೀಳು, ಎದೆಯವರೆಗೆ ಇನ್ನೊಂದು ಸೀಳು. ಮಿಕ್ಕ ಬಟ್ಟೆಯನ್ನು ಸುರುಳಿ ಸುರುಳಿ ನೆರಿಗೆ ಹಿಡಿದು ಕಾಲರಿನ ಪಟ್ಟಿಗೆ ಹೊಲಿಯುತ್ತಿದ್ದರು. ತೋಳೂ ಒಂದು ಆಯತ, ಭುಜದಲ್ಲೂ ಮಣಿಕಟ್ಟಿನಲ್ಲೂ ನೆರಿಗೆ. ತೋಳು ಮೈಗೆ ಸೇರುವ ಹೊಲಿಗೆ ಭುಜದ ಮೇಲೆ ನಿಲ್ಲದೆ ಕೆಳಗೆ ರಟ್ಟೆಗೆ ಇಳಿದಿರುತ್ತದೆ. ಕಂಕುಳಲ್ಲಿ ಅಂಗೈಯಗಲದ ಒಂದು ಚೌಕ ತುಂಡು, ನಮ್ಮ ಹಳೆಯ ಜುಬ್ಬಾದಲ್ಲಿ ಇರುತ್ತಿದ್ದ ಹಾಗೆಯೇ. ಆ ತುಂಡು ಇರುವುದರಿಂದಲೇ ಸುತ್ತಿಗೆ ತಲೆಯ ಮೇಲೆ ಎತ್ತಿದಾಗ ಅಂಗಿ ಸೊಂಟದಿಂದ ಕಿತ್ತು ಮೇಲೆ ಬರುವುದಿಲ್ಲ, ಕಂಕುಳೂ ಹರಿಯುವುದಿಲ್ಲ. ಈ ಕತ್ತರಿಕೆಯಲ್ಲಿ ಬಟ್ಟೆ ಚೂರೂ ಪೋಲಾಗದು. ಬಟ್ಟೆಗೆ ಬೆಲೆ ಹೆಚ್ಚು, ಹೊಲಿಯುವ ಹೆಂಗಸಿನ ದುಡಿಮೆಗೆ ಬೆಲೆ ಇಲ್ಲ ಎಂದಿದ್ದ ಕಾಲದ ಲೆಕ್ಕ ಅದು.

ಅಂಗಿಯನ್ನು ತಲೆಯಿಂದ ಹಾಕಿಕೊಳ್ಳಬೇಕು. ಗುಂಡಿ ಕಾಲರಿನಲ್ಲಿ ಒಂದೆರಡು, ಮಣಿಕಟ್ಟಿನಲ್ಲಿ ಒಂದೊಂದು. ಎಲುಬು, ಚಿಪ್ಪು, ಸೀಸ-ತವರದ ಮಿಶ್ರಲೋಹ, ಇಲ್ಲವೇ ದಾರದಲ್ಲೇ ಸುತ್ತಿದ ಗುಂಡಿ. ಉದ್ದ ತೊಡೆಯ ಕೆಳಗಿನವರೆಗೂ ಇರುತ್ತದೆ, ಪ್ಯಾಂಟಿನೊಳಗೆ ಸೇರಿಸಿದರೆ ಅದೇ ಒಳಚಡ್ಡಿಯ ಕೆಲಸ ಮಾಡುತ್ತದೆ. ಎಲಿಯಸ್ ಹೋವ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ, ಸಿಂಗರ್ 1851ರಲ್ಲಿ. ಅದಕ್ಕೂ ಮುಂಚಿನ ವೇಷವಾದರೆ ಕಣ್ಣಿಗೆ ಕಾಣುವ ಹೊಲಿಗೆಯಾದರೂ ಕೈಹೊಲಿಗೆ ಆಗಿರಲಿ. ಓವರ್‌ಲಾಕ್ ಮಾಡಿದ ಅಂಚು ಮಡಚಿದ ತೋಳಿನಲ್ಲಿ ಇಣುಕಿದರೆ ಮಿಕ್ಕ ಶ್ರಮವೆಲ್ಲ ವ್ಯರ್ಥ.

ಆ ಕಾಲದ ಕಣ್ಣಿಗೆ ಅಂಗಿ ಒಳ ಉಡುಪು. ಮರ್ಯಾದಸ್ಥ ಗಂಡಸು ಅದರ ಮೇಲೆ ವೇಸ್ಟ್‌ಕೋಟ್ ಇಲ್ಲದೆ ನಾಲ್ಕು ಜನರ ಮುಂದೆ ಬರುತ್ತಿರಲಿಲ್ಲ. ಕುಲುಮೆಯ ಸೆಕೆಯಲ್ಲಿ ಕಮ್ಮಾರನಿಗೆ ಈ ವಿಷಯದಲ್ಲಿ ಸಲಿಗೆಯಿತ್ತು. ಆದರೂ ಗಿರಾಕಿ ಬಂದಾಗ ತೊಡಲು ಗೂಟಕ್ಕೆ ನೇತುಹಾಕಿದ ಹಳೆಯ ವೇಸ್ಟ್‌ಕೋಟೊಂದು ಇದ್ದರೆ ಇಡೀ ಕಮ್ಮಾರಸಾಲೆಗೇ ಜೀವ ಬರುತ್ತದೆ. ಬರೀ ಮೈಮೇಲೆ ಏಪ್ರನ್ ಕಟ್ಟಿದ ಕಮ್ಮಾರ ಮಾತ್ರ ಚಿತ್ರಗಾರರ ಕಲ್ಪನೆಗೇ ಹೆಚ್ಚು ಸೇರಿದವನು. ಕಿಡಿ ಹಾರುವಲ್ಲಿ ಎದೆ ಬಿಟ್ಟುಕೊಂಡು ದಿನವಿಡೀ ದುಡಿಯಲು ಆಗುವುದಿಲ್ಲ.

ಪ್ಯಾಂಟು ಹೊಕ್ಕಳಿನ ಎತ್ತರಕ್ಕೆ ಬರಬೇಕು. ಸೊಂಟದ ಕೆಳಗೆ ಜಾರುವ ಈಗಿನ ಪ್ಯಾಂಟು ಹಾಕಿದರೆ ಏಪ್ರನ್ ಕಟ್ಟಿದ ಮೇಲೂ ಆಕಾರ ತಪ್ಪಿ ಕಾಣುತ್ತದೆ. 1840ರ ದಶಕದವರೆಗೆ ಮುಂಭಾಗದಲ್ಲಿ ಅಗಲವಾದ ಒಂದು ಪಟ್ಟಿ, ಮೇಲಂಚಿಗೆ ಗುಂಡಿ, ಬಿಚ್ಚಿದರೆ ಕೆಳಕ್ಕೆ ಬೀಳುವುದು. ಆ ದಶಕದಲ್ಲಿ ನಡುಸೀಳಿಗೆ ಗುಂಡಿ ಹಾಕುವ ರೀತಿ ಅದರ ಜಾಗ ಹಿಡಿಯಿತು. ಹಿಂಬದಿ ಸಡಿಲ, ಬಿಗಿಮಾಡಲು ದಾರ ಅಥವಾ ಚಿಕ್ಕ ಪಟ್ಟಿ. ಬೆಲ್ಟ್ ಸೇರಿಸುವ ಕುಣಿಕೆ ಇಲ್ಲ. ಲೀವೈಸ್ ಪ್ಯಾಂಟಿಗೂ ಅದು ಬಂದದ್ದು 1922ರಲ್ಲಿ. ಪ್ಯಾಂಟನ್ನು ಎತ್ತಿಹಿಡಿಯುವುದು ಹೆಗಲ ಪಟ್ಟಿ, ಅದು ಸೊಂಟದ ಗುಂಡಿಗೆ ಸೇರುತ್ತದೆ. ಪ್ಯಾಂಟಿನ ತುದಿಯನ್ನು ಹೊರಗೆ ಮಡಚಬೇಡಿ, ಆ ಮಡಿಕೆಯಲ್ಲಿ ಕಾದ ಹಕ್ಕಳೆ ಕೂರುತ್ತದೆ. ಅಂಗಿಯ ತೋಳು ಮಡಚುವಾಗಲೂ ಒಳಗೆ ಮಡಚಿ.

ಏಪ್ರನ್ ಆರಿಸುವಾಗ ನೋಡಬೇಕಾದ್ದು ಚರ್ಮದ ಕತ್ತರಿಸಿದ ಅಂಚು. ಓಕ್, ಹೆಮ್‌ಲಾಕ್ ಮರದ ತೊಗಟೆಯ ರಸದಲ್ಲಿ ತಿಂಗಳುಗಟ್ಟಲೆ ನೆನೆದು ಹದವಾದ ಚರ್ಮದ ಅಂಚು ಒಳಗೂ ಹೊರಗೂ ಕಂದು. ಕ್ರೋಮ್ ಹದದ ಚರ್ಮಕ್ಕೆ ಮೇಲೆ ಎಷ್ಟೇ ಕಂದು ಬಣ್ಣ ಬಳಿದರೂ ಅಂಚಿನ ನಡುವೆ ಬೂದು-ನೀಲಿ ಗೆರೆ ಕಾಣುತ್ತದೆ. ದಪ್ಪ ಸುಮಾರು 2 ಮಿಲಿಮೀಟರ್ ಇದ್ದರೆ ಸಾಕು, ಬಗ್ಗಿದಾಗ ಮೈಯೊಡನೆ ಬಗ್ಗಬೇಕು. ಎದೆಯ ಭಾಗಕ್ಕೆ ಒಂದು ಕಾಜ, ಅದನ್ನು ವೇಸ್ಟ್‌ಕೋಟಿನ ಅಥವಾ ಅಂಗಿಯ ಗುಂಡಿಗೆ ಸಿಕ್ಕಿಸಬಹುದು. ಇಲ್ಲವೇ ಕುತ್ತಿಗೆಗೆ ಒಂದು ಚರ್ಮದ ದಾರ. ಸೊಂಟದ ದಾರವನ್ನು ಹಿಂದೆ ಸುತ್ತಿ ಮುಂದೆ ತಂದು ಗಂಟು ಹಾಕಿದರೆ ತುರ್ತಿನಲ್ಲಿ ಒಂದೇ ಎಳೆತಕ್ಕೆ ಬಿಚ್ಚಬಹುದು. ಜೇಬು ಬೇಡ. ಈಗಿನ ವೆಲ್ಡಿಂಗ್ ಏಪ್ರನ್ನಿನ ಎದೆಜೇಬಿನೊಳಗೆ ಬಿದ್ದ ಕಿಡಿ ನಿಮಗೆ ತಿಳಿಯುವ ಹೊತ್ತಿಗೆ ಹೊಗೆ ಎದ್ದಿರುತ್ತದೆ. ನಡುವೆ ಸೀಳಿದ ಏಪ್ರನ್ ಕುದುರೆಗೆ ಲಾಳ ಕಟ್ಟುವವನದು, ಗೊರಸನ್ನು ಮೊಣಕಾಲುಗಳ ನಡುವೆ ಹಿಡಿಯಲು ಆ ಸೀಳು. ಹಳ್ಳಿಯಲ್ಲಿ ಎರಡೂ ಕೆಲಸ ಒಬ್ಬನದೇ ಆಗಿದ್ದುದು ಹೆಚ್ಚು. ನಿಮ್ಮ ಪಾತ್ರ ಲಾಳವನ್ನೂ ಕಟ್ಟುತ್ತಾನಾದರೆ ಮಾತ್ರ ಸೀಳಿದ್ದನ್ನು ತೊಡಿ.

ಇದೆಲ್ಲ ನಮಗೆ ಗೊತ್ತಾಗಿರುವುದು ಹೇಗೆ? ಉಳಿದ ದುಡಿಮೆಯ ಬಟ್ಟೆ ಬಹಳ ಕಡಿಮೆ, ಏಕೆಂದರೆ ಹರಿಯುವ ತನಕ ತೊಟ್ಟು, ಹರಿದದ್ದನ್ನು ತೇಪೆಗೆ, ಒರೆಸುಬಟ್ಟೆಗೆ ಬಳಸುತ್ತಿದ್ದರು. ಹಾಗಾಗಿ ಚಿತ್ರಗಳ ಮೊರೆ ಹೋಗಬೇಕು. ಜಾನ್ ನೀಗಲ್ 1826–27ರಲ್ಲಿ ಬರೆದ ಪ್ಯಾಟ್ ಲಯನ್ ಎಂಬ ಫಿಲಡೆಲ್ಫಿಯಾದ ಕಮ್ಮಾರನ ದೊಡ್ಡ ವರ್ಣಚಿತ್ರ ಇವುಗಳಲ್ಲಿ ನನಗೆ ಬಹಳ ಪ್ರಿಯವಾದದ್ದು. ಲಯನ್ 1798ರ ಬ್ಯಾಂಕ್ ಕಳವಿನ ಸುಳ್ಳು ಆರೋಪದ ಮೇಲೆ ಜೈಲು ಸೇರಿ, ನಿರಪರಾಧಿ ಎಂದು ಸಾಬೀತಾಗಿ, ಮುಂದೆ ಶ್ರೀಮಂತನಾದವನು. ತನ್ನನ್ನು ಸಾಹುಕಾರನಂತೆ ಬರೆಯಕೂಡದು, ಕುಲುಮೆಯ ಮುಂದೆ ದುಡಿಯುವವನಂತೆಯೇ ಬರೆಯಬೇಕು ಎಂದು ಪಟ್ಟುಹಿಡಿದ. ತೋಳು ಮಡಚಿದ ಅಂಗಿ, ಕುತ್ತಿಗೆ ತೆರೆದಿದೆ, ಚರ್ಮದ ಏಪ್ರನ್, ಕೈಯಲ್ಲಿ ಸುತ್ತಿಗೆ, ಹಿಂದೆ ತಿದಿಯ ಬಳಿ ಹುಡುಗ, ಕಿಟಕಿಯಾಚೆ ಆ ಜೈಲಿನ ಗೋಪುರ. ಫಿಲಡೆಲ್ಫಿಯಾ ಗಡಿಸೀಮೆಯಲ್ಲ, ಚಿತ್ರಕ್ಕೆ ನಿಂತವನೂ ಆ ಹೊತ್ತಿಗೆ ಹಣವಂತ ಎಂಬುದನ್ನು ಮರೆಯಬಾರದು. ಆದರೆ ಏಪ್ರನ್ ಮೈಮೇಲೆ ಹೇಗೆ ಬೀಳುತ್ತದೆ, ಅಂಗಿಯ ತೋಳು ಎಷ್ಟು ದೊಗಳೆ ಎಂದು ಕಲಿಯಲು ಇಂಥ ಇನ್ನೊಂದು ಸಿಗುವುದು ಕಷ್ಟ.

1839ರ ನಂತರ ಬೆಳ್ಳಿ ಲೇಪಿಸಿದ ತಟ್ಟೆಯ ಮೇಲೆ ಮೂಡುವ ಡಾಗೆರೊಟೈಪ್ ಫೋಟೋಗಳು ಬಂದವು. ದುಡಿಯುವವರು ತಮ್ಮ ಉಪಕರಣ ಹಿಡಿದು ತೆಗೆಸಿಕೊಂಡ ಫೋಟೋಗಳಲ್ಲಿ ಕಮ್ಮಾರರೂ ಇದ್ದಾರೆ. ಇವನ್ನು ಓದುವಾಗ ಮೂರು ಎಚ್ಚರ ಬೇಕು. ಈ ಫೋಟೋಗಳಲ್ಲಿ ಬಿಂಬ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿರುತ್ತದೆ. ಬಲಗೈಯವನು ಎಡಗೈಯವನಾಗಿ ಕಾಣುತ್ತಾನೆ, ಗುಂಡಿಯ ಪಟ್ಟಿಯೂ ಬದಲಾಗುತ್ತದೆ. ಆ ಕಾಲದ ತಟ್ಟೆಗಳು ನೀಲಿಗೆ ಬೇಗ ಸ್ಪಂದಿಸುತ್ತಿದ್ದವು, ಕೆಂಪು-ಹಳದಿಗೆ ಅಷ್ಟಾಗಿ ಇಲ್ಲ. ಆದ್ದರಿಂದ ಬಿಳಿಚಿಕೊಂಡಂತೆ ಕಾಣುವ ಅಂಗಿ ನಿಜದಲ್ಲಿ ನೀಲಿ ಇರಬಹುದು, ಕಪ್ಪಗೆ ಕಾಣುವ ಏಪ್ರನ್ ಹೊಂಬಣ್ಣದ ಕಂದು ಇರಬಹುದು. ಮೂರನೆಯದು, ಹಣ ಕೊಟ್ಟು ಫೋಟೋ ತೆಗೆಸಿಕೊಳ್ಳಲು ಹೋದವನು ಆ ದಿನ ಒಗೆದ ಅಂಗಿಯನ್ನೇ ತೊಟ್ಟಿರುತ್ತಾನೆ.

ಬಣ್ಣಗಳ ಬಗ್ಗೆ ಹೇಳುವಾಗ ನಮ್ಮ ನಾಡಿನ ಕಡೆಯ ಒಂದು ಎಳೆ ನಿಜಕ್ಕೂ ಇದೆ. ರಾಸಾಯನಿಕ ಬಣ್ಣಗಳ ಯುಗ ಶುರುವಾದದ್ದು 1856ರಲ್ಲಿ ಪರ್ಕಿನ್ ಕಂಡುಹಿಡಿದ ನೇರಳೆ ಬಣ್ಣದಿಂದ, ಕಾರ್ಖಾನೆಯಲ್ಲಿ ತಯಾರಾದ ಇಂಡಿಗೊ ನೀಲಿ ಮಾರುಕಟ್ಟೆಗೆ ಬಂದದ್ದು 1897ರಲ್ಲಿ. ಅಲ್ಲಿಯವರೆಗೆ ದುಡಿಮೆಯ ಬಟ್ಟೆಯ ನೀಲಿ ಎಂದರೆ ಬಹುಪಾಲು ನೀಲಿಗಿಡದ್ದೇ. 19ನೇ ಶತಮಾನದ ಮೊದಲರ್ಧದಲ್ಲಿ ಪ್ರಪಂಚದ ಪೇಟೆಯಲ್ಲಿ ಮೇಲುಗೈ ಪಡೆದದ್ದು ಬಂಗಾಳದ ನೀಲಿ, ರೈತರ ಮೇಲೆ ಬಲಾತ್ಕಾರ ಮಾಡಿ ಬೆಳೆಸಿದ್ದು. 1859ರಲ್ಲಿ ಆ ರೈತರು ದಂಗೆಯೆದ್ದರು. ಕಮ್ಮಾರನ ಕುತ್ತಿಗೆಯ ಚುಕ್ಕಿ ಕರವಸ್ತ್ರಕ್ಕೂ ಬಂಗಾಳದಲ್ಲಿ ಗಂಟು ಕಟ್ಟಿ ಬಣ್ಣ ಹಾಕಿ ರಫ್ತಾಗುತ್ತಿದ್ದ ರೇಷ್ಮೆ ವಸ್ತ್ರವೇ ಮೂಲ. ನೀಲಿಯಲ್ಲದಿದ್ದರೆ ಮಂಜಿಷ್ಠದ ಕೆಂಪು, ಬಟರ್‌ನಟ್ ಮರದ ಕಂದು. ಹೊಳೆಯುವ ಹಸಿರು, ಗಾಢ ನೇರಳೆ 1840ರ ದುಡಿಮೆಯ ಬಟ್ಟೆಗೆ ಹೊಂದುವುದಿಲ್ಲ.

ಯಾರ ಪಾತ್ರ ಮಾಡುತ್ತಿದ್ದೇವೆ ಎಂಬುದನ್ನೂ ಯೋಚಿಸಬೇಕು. ದಕ್ಷಿಣದ ಗಡಿಸೀಮೆಯಲ್ಲಿ ಸುತ್ತಿಗೆ ಹಿಡಿದ ಎಷ್ಟೋ ಕೈಗಳು ಗುಲಾಮರಾಗಿದ್ದ ಆಫ್ರಿಕನ್ ಮೂಲದವರದು. ಅವರಿಗೆಂದೇ ರೋಡ್ ಐಲೆಂಡಿನ ಗಿರಣಿಗಳು ಅಗ್ಗದ ಒರಟು ಉಣ್ಣೆ ಬಟ್ಟೆ ನೇಯ್ದು ಕಳಿಸುತ್ತಿದ್ದವು. ಮೂಲನಿವಾಸಿಗಳೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ಸರ್ಕಾರ ಕಮ್ಮಾರನನ್ನು ಒದಗಿಸಬೇಕೆಂಬ ಶರತ್ತು ಮತ್ತೆ ಮತ್ತೆ ಬರುತ್ತದೆ, 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲೂ ಅದು ಇದೆ. ವ್ಯಾಂಕೂವರ್ ಕೋಟೆಯ ಸುತ್ತ ಸ್ಕಾಟರು, ಫ್ರೆಂಚ್ ಕೆನಡಿಯನ್ನರು, ಹವಾಯಿಯವರು, ಇರೊಕ್ವಾ ಮೂಲನಿವಾಸಿಗಳು ಒಂದೇ ಊರಿನಲ್ಲಿ ಬಾಳಿದರು. ಗಡಿಸೀಮೆಯ ಕಮ್ಮಾರ ಎಂದರೆ ಒಬ್ಬನೇ ಬಿಳಿ ಗಡ್ಡದ ಮುದುಕ ಎಂಬ ಚಿತ್ರವನ್ನು ಬಟ್ಟೆಯ ಅಧ್ಯಯನವೇ ಒಡೆದುಹಾಕುತ್ತದೆ, ನನಗೆ ಈ ವಿಷಯದಲ್ಲಿ ಇಷ್ಟು ಆಸಕ್ತಿ ಇರುವುದು ಅದಕ್ಕೇ.

ಕಾಲಿಗೆ ಕಣಕಾಲು ಮುಚ್ಚುವ, ದಾರ ಕಟ್ಟುವ ಚರ್ಮದ ಜೋಡು. ಅಟ್ಟೆಗೆ ಮರದ ಮೊಳೆ, ಮೂತಿ ಚೌಕ. 19ನೇ ಶತಮಾನದ ನಡುಭಾಗದವರೆಗೂ ಎಡಬಲ ಭೇದವಿಲ್ಲದ ಜೋಡುಗಳು ಸಾಮಾನ್ಯವಾಗಿದ್ದವು. ಪ್ಯಾಂಟು ಜೋಡಿನ ಮೇಲೆ ಇಳಿದಿರಲಿ, ಒಳಗೆ ಸೇರಿಸಬೇಡಿ. ತಲೆಗೆ ದುಂಡು ಅಂಚಿನ ಉಣ್ಣೆಯ ಹ್ಯಾಟು ಅಥವಾ ಸಾದಾ ಟೋಪಿ.

ಹೊಸ ಬಟ್ಟೆಯನ್ನು ಹಳತು ಮಾಡಲು ಕೆಲವರು ಎಲ್ಲೆಂದರಲ್ಲಿ ಮಸಿ ಬಳಿಯುತ್ತಾರೆ. ಅದು ಬೇಡ, ಕೆಲಸವೇ ಸರಿಯಾದ ಜಾಗದಲ್ಲಿ ಗುರುತು ಮಾಡುತ್ತದೆ. ಇಕ್ಕಳ ಹಿಡಿದ ಕೈಯ ತೋಳಿನಲ್ಲಿ ಸಣ್ಣ ಸಣ್ಣ ತೂತು, ಏಪ್ರನ್ನಿನಲ್ಲಿ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಎತ್ತರಕ್ಕೆ ಒಂದು ಕಪ್ಪು ಪಟ್ಟೆ, ಜೋಡಿನ ಮೇಲ್ಮೈಯಲ್ಲಿ ಸುಟ್ಟ ಚುಕ್ಕಿ. ತೂತು ದೊಡ್ಡದಾದರೆ ಕೈಯಲ್ಲೇ ತೇಪೆ ಹಾಕಿ. ಅಂಚು ಹಿಂಜಿ ಎಳೆ ಜೋತುಬೀಳಲು ಬಿಡಬೇಡಿ, ಕಿಡಿ ಮೊದಲು ಹಿಡಿಯುವುದು ಅಲ್ಲಿಯೇ.

ಹಳೆಯ ಕಾಲದ ಕಮ್ಮಾರ ಬಹುಮಟ್ಟಿಗೆ ಬರಿಗೈಯಲ್ಲೇ ದುಡಿದ, ಕಣ್ಣಿಗೂ ಏನೂ ಕಟ್ಟಿಕೊಳ್ಳಲಿಲ್ಲ. ಕೈಯ ವಿಷಯದಲ್ಲಿ ಅವನನ್ನು ಅನುಸರಿಸಬಹುದು. ದಪ್ಪ ಕೈಗವಸಿನೊಳಗೆ ಕಾವು ಸಿಕ್ಕಿಕೊಂಡರೆ ಬರಿಗೈಗಿಂತ ಹೆಚ್ಚು ಸುಡುತ್ತದೆ, ಸುತ್ತಿಗೆಯ ಹಿಡಿತವೂ ತಪ್ಪುತ್ತದೆ. ಕಣ್ಣಿನ ವಿಷಯದಲ್ಲಿ ಅನುಸರಿಸಬೇಡಿ. ದುಂಡನೆಯ ತೆಳು ಲೋಹದ ಚೌಕಟ್ಟಿಗೆ ಒಡೆಯದ ಸುರಕ್ಷತಾ ಗಾಜು ಕೂರಿಸಿಕೊಂಡರೆ ನಾಲ್ಕು ಹೆಜ್ಜೆ ದೂರದಿಂದ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅದು ಸಿಗದಿದ್ದರೆ ಈಗಿನ ಪ್ಲಾಸ್ಟಿಕ್ ಕನ್ನಡಕವನ್ನೇ ಹಾಕಿ. ಏಕೆ ಹಾಕಿದ್ದೀರಿ ಎಂದು ನೋಡುಗರು ಕೇಳಿದರೆ ಆಗಿನ ಕಮ್ಮಾರರು ಕಣ್ಣು ಕಳೆದುಕೊಳ್ಳುತ್ತಿದ್ದುದನ್ನು ಹೇಳಿ. ಸದ್ದು ತಡೆಯಲು ಕಿವಿಯೊಳಗೆ ಇಟ್ಟುಕೊಳ್ಳುವ ಬೆಣೆ ಹೇಗೂ ಯಾರ ಕಣ್ಣಿಗೂ ಬೀಳದು.